ಬಯ್ಯಪ್ಪನವರ ಗಾಜಿನ ಕೆರೆ

ಶಿಡ್ಲಘಟ್ಟದ ಬಯ್ಯಪ್ಪನವರಿಗೆ ಮೊದಲಿನಿಂದಲೂ ಮೀನೆಂದರೆ ಆಸೆ. ಆದರೆ ಆ ಆಸೆ ತಟ್ಟೆಯ ಆಚೆಗೆ ಹೋದದ್ದಿಲ್ಲ. ಅವರ ಹೆಂಡತಿ ಓಬಳಮ್ಮ ಹುಣಸೆಹುಳಿ ಹಿಂಡಿ ಮಾಡುತ್ತಿದ್ದ ಕೊರಮೀನಿನ ಸಾರಿಗೆ ಅವರು ಮುದ್ದೆಯ ಲೆಕ್ಕ ಇಡುತ್ತಿರಲಿಲ್ಲ. ಅಂಥವರು ಮೀನನ್ನು ಗಾಜಿನ ತೊಟ್ಟಿಯಲ್ಲಿಟ್ಟು ಪೂಜೆ ಮಾಡುವ ಹಾಗಾದದ್ದು ಬೆಂಗಳೂರಿನಲ್ಲಿ ಆದ ಒಂದು ಅವಮಾನದಿಂದ.

ಮನೆಯ ಹಿಂದೆ ಅವರ ಚರಕಾ ಶೆಡ್ಡಿತ್ತು. ಹಳ್ಳಿಗಳಿಂದ ಬಂದ ರೇಷ್ಮೆಗೂಡನ್ನು ಕುದಿನೀರಿಗೆ ಹಾಕಿ ನೂಲು ಬಿಚ್ಚಿಸುವ ಕೆಲಸ. ಗೂಡಿನೊಳಗಿನ ಹುಳ ಬೆಂದ ವಾಸನೆ ಆ ಬೀದಿಗೆ ಹೊಸದಲ್ಲ. ಅದು ಬಾರದ ದಿನವೇ ಜನ ಏನಾಯಿತೆಂದು ಬಾಗಿಲಿಗೆ ಬರುತ್ತಿದ್ದರು. ಬಯ್ಯಪ್ಪನವರಿಗೆ ಜನ ಬಾಗಿಲಿಗೆ ಬರುವುದೇ ಬೇಕಾಗಿತ್ತು. ಬೀದಿಗೆ ಮೊದಲ ರೇಡಿಯೊ ತಂದವರು ಅವರೇ. ಆಗ ಪಡಸಾಲೆಯಲ್ಲಿ ಕೂರಲು ಜಾಗ ಸಾಲುತ್ತಿರಲಿಲ್ಲ. ಮುಂದಿನ ವರ್ಷ ಪಕ್ಕದ ಮನೆಯ ದಸ್ತಗಿರ್ ಸಾಬರೂ ಒಂದು ರೇಡಿಯೊ ತಂದರು. ಅವರದೂ ಚರಕಾ ಶೆಡ್ಡೇ. ಅವರ ಮನೆಯಲ್ಲಿ ಚಹಾ ಕೊಡುತ್ತಿದ್ದರಾಗಿ ಜನ ಗೋಡೆ ದಾಟಿ ಆಚೆ ಹೋದರು.

ಅರವತ್ತೊಂದನೇ ಇಸವಿಯಲ್ಲಿ ಬಯ್ಯಪ್ಪನವರು ನೂಲಿನ ಮಾದರಿ ಹಿಡಿದು ಚಿಕ್ಕಪೇಟೆಯ ಒಬ್ಬ ವ್ಯಾಪಾರಿಯ ಮನೆಗೆ ಹೋಗಿದ್ದರು. ಅಲ್ಲಿ ಹಾಲಿನ ನಡುವೆ ಒಂದು ಗಾಜಿನ ತೊಟ್ಟಿ. ಒಳಗೆ ದೀಪ, ಹಸಿರು ಗಿಡ, ಬೆರಳುದ್ದದ ಕೆಂಪು ಮೀನುಗಳು. ಬಂದವರೆಲ್ಲ ಮೀನಿನ ಮುಂದೆ ಬಗ್ಗಿ ನಿಂತು ಮಾತಾಡಿಸಿದರೇ ಹೊರತು ನೂಲು ಹಿಡಿದು ಕೂತವರನ್ನು ಯಾರೂ ಕೇಳಲಿಲ್ಲ. ಕೊನೆಗೆ ವ್ಯಾಪಾರಿ ಇವರು ತೊಟ್ಟಿಯನ್ನೇ ನೋಡುತ್ತಿರುವುದನ್ನು ಕಂಡು, "ನಿಮ್ಮ ಕಡೆ ಇದೆಲ್ಲ ಎಲ್ಲಿ ಬರ್ಬೇಕು ಬಿಡಿ," ಎಂದು ನಕ್ಕ.

ಆ ನಗು ಬಯ್ಯಪ್ಪನವರ ಜೊತೆಯಲ್ಲೇ ಚಿಕ್ಕ ರೈಲು ಹತ್ತಿ ಊರಿಗೆ ಬಂತು. ಬಸ್ ಸ್ಟ್ಯಾಂಡಿನ ಹತ್ತಿರ ದೇವರ ಪಟಗಳಿಗೆ ಕಟ್ಟು ಹಾಕುತ್ತಿದ್ದ ನೂರುಲ್ಲಾನಿಗೆ ಹೇಳಿ, ಕಬ್ಬಿಣದ ಚೌಕಟ್ಟಿಗೆ ಗಾಜು ಕೂರಿಸಿ, ತೊಟ್ಟಿಲಿಗಿಂತ ಸ್ವಲ್ಪ ದೊಡ್ಡದೊಂದು ತೊಟ್ಟಿ ಮಾಡಿಸಿದರು. ಮತ್ತೆ ಬೆಂಗಳೂರಿಗೆ ಹೋಗಿ ಉಪ್ಪಿನಕಾಯಿ ಜಾಡಿಯೊಂದರಲ್ಲಿ ಕೆಂಪು ಮೀನು ತಂದರು. ದೇವನಹಳ್ಳಿ ದಾಟುವಷ್ಟರಲ್ಲಿ ರೈಲು ಡಬ್ಬಿಯವರೆಲ್ಲ ಜಾಡಿಯ ಸುತ್ತ ಸೇರಿ, ತಾವು ತಿನ್ನುತ್ತಿದ್ದ ಕಡಲೆಪುರಿಯನ್ನು ಮೀನಿಗೂ ಹಾಕಿದರು. ಊರು ಮುಟ್ಟಿದಾಗ ಅರ್ಧ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಉಳಿದರ್ಧವನ್ನು ನೋಡಲು ಬೀದಿಗೆ ಬೀದಿಯೇ ಬಂತು. ದಸ್ತಗಿರ್ ಸಾಬರ ರೇಡಿಯೊ ಆ ಸಂಜೆ ಯಾರೂ ಕೇಳುವವರಿಲ್ಲದೆ ಹಾಡಿಕೊಂಡಿತು.

ಓಬಳಮ್ಮನ ತಮ್ಮ ಚೆನ್ನರಾಯಪ್ಪ ಸಾದಲಿಯವನು. ಅವನು ಬಂದು ತೊಟ್ಟಿ ನೋಡಿ ಮೂಗು ಮುರಿದ.

"ಏನ್ ಬಾವ, ಇವು ಮೀನಾ? ಸೊಳ್ಳೆ ಮರಿಗಳಿದ್ದಂಗವೆ. ನಮ್ ಕೆರೇದು ಒಂದು ತಂದ್ಕೊಡ್ತೀನಿ, ನೋಡೋರಿಗೂ ಒಂದು ಮರ್ಯಾದೆ ಇರ್ಲಿ."

ಮುಂದಿನ ವಾರ ಮೊಳಕೈ ಗಾತ್ರದ ಕೊರಮೀನು ಬಂತು. ತೊಟ್ಟಿಗಿಳಿದು ಒಂದು ಸುತ್ತು ಹಾಕಿತು. ಬೆಳಗಾಗುವಷ್ಟರಲ್ಲಿ ಕೆಂಪು ಮೀನೊಂದೂ ಇರಲಿಲ್ಲ. ಬಯ್ಯಪ್ಪನವರಿಗೆ ಮೊದಲು ಬೇಜಾರಾಯಿತು. ಆದರೆ ನೋಡಲು ಬಂದವರೆಲ್ಲ, "ಅಬ್ಬಾ, ಎಲ್ಲಾನೂ ಒಂದೇ ತಿಂತಾ? ಗಂಡು ಕಣಪ್ಪ ಇದು!" ಎಂದು ಹೊಗಳಿದ್ದರಿಂದ ಗೆದ್ದೆತ್ತಿನ ಬಾಲ ಹಿಡಿದರು. ಶೆಡ್ಡಿನಲ್ಲಿ ಬೆಂದ ಹುಳಕ್ಕೆ ಬರವಿರಲಿಲ್ಲ. ಹಿಡಿ ಹಿಡಿ ಹಾಕಿದರು. ಮೀನು ಕೊಬ್ಬಿತು, ನೀರಿನ ಮೇಲೆ ಎಣ್ಣೆಯ ಪದರ ಕಟ್ಟಿತು.

ಈ ಹೊತ್ತಿಗೆ ಊರಿನ ನೂಲು ಬಿಚ್ಚುವವರು ಸೇರಿ ಒಂದು ಸಂಘ ಮಾಡಿಕೊಂಡಿದ್ದರು. ಅದರ ಅಧ್ಯಕ್ಷಗಿರಿಗೆ ವೆಂಕಟರಾಮಪ್ಪ ಎಂಬವರು ನಿಲ್ಲುವುದಾಗಿ ಸುದ್ದಿಯಿತ್ತು. ಆಗ ಆವುಲಪ್ಪನೆಂಬವನು ಬಂದು ಬಯ್ಯಪ್ಪನವರ ಕಿವಿ ಕಚ್ಚಿದ. ಆವುಲಪ್ಪನಿಗೆ ಸ್ವಂತ ಚರಕಾ ಇರಲಿಲ್ಲ. ಬೇರೆಯವರನ್ನು ಚುನಾವಣೆಗೆ ನಿಲ್ಲಿಸುವುದೇ ಅವನ ಕಸುಬು.

"ವೆಂಕಟರಾಮಪ್ಪನ ಮನೇಗೆ ಯಾರಣ್ಣ ಹೋಗ್ತಾರೆ? ನಿಮ್ಮನೇಗೆ ಇಡೀ ಊರೇ ಬತ್ತದೆ. ಬರೋರು ಮೀನು ನೋಡ್ತಾರೋ ನಿಮ್ಮನ್ ನೋಡ್ತಾರೋ, ಓಟು ಮಾತ್ರ ನಿಮ್ದೇ."

ಬಯ್ಯಪ್ಪನವರು ನಿಂತ ಸುದ್ದಿ ಹರಡಿದ್ದೇ ತಡ, ಸಂಘದ ಸದಸ್ಯರು ಒಬ್ಬೊಬ್ಬರಾಗಿ ಮೀನು ಹಿಡಿದು ಬರತೊಡಗಿದರು. ಕೋಟೆ ಬೀದಿಯವರು ಒಂದು ಕಾಟ್ಲಾ ತಂದರು. ಕೋಟೆಯವರದು ತೆಗೆದುಕೊಂಡ ಮೇಲೆ ಪೇಟೆಯವರದು ಬೇಡವೆನ್ನಲಾಗುತ್ತದೆಯೇ? ಪೇಟೆಯವರು ಅದಕ್ಕಿಂತ ಒಂದು ಗೇಣು ಉದ್ದದ ಬಾಳೆಮೀನು ತಂದರು. ಕೆರೆಯ ಕೆಳಗಿನವರು ಮೀಸೆಮೀನಿನ ಜೋಡಿಯನ್ನೇ ತಂದುಬಿಟ್ಟರು. ಚಿಂತಾಮಣಿ ರಸ್ತೆಯವರು ತಂದದ್ದು ಬಕೆಟ್ಟಿನಲ್ಲಿ ಹಿಡಿಸದೆ ಬಾಲ ಹೊರಗೆ ಬಡಿಯುತ್ತಿತ್ತು. ತೊಟ್ಟಿ ಮಾತ್ರ ಇದ್ದಷ್ಟೇ ಇತ್ತು. ಒಂದು ಮೀನು ಆ ಕಡೆಗೆ ತಿರುಗಬೇಕಾದರೆ ಉಳಿದವೆಲ್ಲ ಸರಿಯಬೇಕು. ಸರಿಯುವ ಸ್ವಭಾವ ಯಾವುದಕ್ಕೂ ಇರಲಿಲ್ಲ. ಒಂದರ ರೆಕ್ಕೆ ಒಂದು ಹರಿಯಿತು.

ದಸ್ತಗಿರ್ ಸಾಬರು ಒಂದು ಸಂಜೆ ಬಂದವರು ತೊಟ್ಟಿಯ ಮುಂದೆ ಬಗ್ಗಿ ನೋಡಿದರು.

"ಬಯ್ಯಪ್ಪಣ್ಣ, ಸಂತೆ ದಿನ ಚಿಂತಾಮಣಿ ಬಸ್ಸಲ್ಲೂ ಇಷ್ಟು ರಷ್ ಇರಲ್ಲ."

"ನೋಡಿದ್ರಾ ಸಾಬ್ರೇ!" ಎಂದರು ಬಯ್ಯಪ್ಪನವರು ಹೆಮ್ಮೆಯಿಂದ.

"ಆದ್ರೆ ಬಸ್ಸಲ್ಲಿ ಇಳಿಯೋ ಸ್ಟಾಪು ಅಂತ ಒಂದಿರ್ತದೆ, ಅಣ್ಣ," ಎಂದು ಸಾಬರು ಎದ್ದು ಹೋದರು. ಸಾಬರಿಗೆ ಹೊಟ್ಟೆಕಿಚ್ಚು ಎಂದುಕೊಂಡರು ಬಯ್ಯಪ್ಪನವರು.

ಮನೆಯಲ್ಲಿ ಮೀನಿನ ಸಾರು ನಿಂತಿತು. ನಿಲ್ಲಿಸಿದವನು ಆವುಲಪ್ಪ. ಒಲೆಯ ಮೇಲೆ ಮೀನು ಕುದಿಯುವಾಗ ಕೋಟೆ ಬೀದಿಯವರು ಬಂದರೆ, ಅದು ತಮ್ಮದೇ ಎಂದುಕೊಂಡರೆ? ಆದರೆ ಊರಿಗೆ ಬೇರೆ ಕಾರಣ ಹೇಳಬೇಕಲ್ಲ. ಬಯ್ಯಪ್ಪನವರು ಮೂಕಪ್ರಾಣಿಗಳ ಮೇಲಿನ ಕರುಣೆಯಿಂದ ಮೀನು ಬಿಟ್ಟರೆಂದು ಆವುಲಪ್ಪ ಹಬ್ಬಿಸಿದ. ಸುದ್ದಿ ಶಾಲೆಯವರೆಗೆ ಹೋಗಿ, ಬಹುಮಾನ ಹಂಚುವ ಸಮಾರಂಭದಲ್ಲಿ ಜೀವದಯೆಯ ಬಗ್ಗೆ ಎರಡು ಮಾತಾಡಲು ಅವರನ್ನು ಕರೆದರು. ಅವರು ಅರ್ಧ ಗಂಟೆ ಮಾತಾಡಿದರು. ಮನೆಗೆ ಬಂದು ಹಾರ ತೆಗೆದು ತೊಟ್ಟಿಯ ಮೂಲೆಗೆ ಸಿಕ್ಕಿಸಿದರು.

ಓಬಳಮ್ಮ ಹಾರವನ್ನೂ ನೋಡಿದಳು, ತೊಟ್ಟಿಯನ್ನೂ ನೋಡಿದಳು.

"ನಾನು ಮೀನು ಕೊಯ್ದಾಗ ಒಂದು ಗಳಿಗೆ ಒದ್ದಾಡ್ತಿತ್ತು. ನೀವು ಅದನ್ನೇ ತಿಂಗಳಾನುಗಟ್ಲೆ ಮಾಡಿಸ್ತಿದೀರ. ಹಾರ ಮಾತ್ರ ನಿಮ್ಗೆ."

"ದಿನಾ ಹುಳ ಬೇಯಿಸಿ ಬದುಕೋರು ನಾವು. ನಮ್ಮನೇಲಿ ಕೂತ್ಕೊಂಡು ಮೀನಿನ ನೋವು ಹೇಳ್ತೀಯಲ್ಲೇ!"

"ಹುಳ ಬೇಯ್ಸೋದು ಹೊಟ್ಟೆಪಾಡಿಗೆ. ಇದು ಯಾವ ಹೊಟ್ಟೆಗೆ?"

ಬಯ್ಯಪ್ಪನವರು ತೊಟ್ಟಿಯ ಮೂಲೆಯ ಹಾರ ಸರಿಮಾಡಿದರು. ಓಬಳಮ್ಮ ಬಿಡಲಿಲ್ಲ. "ತೋಟದ ಬಾವಿ ಇದೆಯಲ್ಲ, ಅದರೊಳಕ್ಕೆ ಬಿಡಿ."

"ಬಾವೀಲಿ ಬಿಟ್ರೆ ಯಾರಿಗೆ ಕಾಣ್ತವೆ?"

"ಮೀನಿಗೆ ಬಾವಿ ಕಾಣ್ತದಲ್ಲ, ಸಾಲ್ದಾ?"

ಬಯ್ಯಪ್ಪನವರು ಶಲ್ಯ ಕೊಡವಿ ಹೊರಗೆ ಹೋದರು. ಹೆಂಗಸರಿಗೆ ಚುನಾವಣೆ ಅರ್ಥವಾಗುವುದಿಲ್ಲ ಎಂದು ಆವುಲಪ್ಪನ ಹತ್ತಿರ ಹೇಳಿಕೊಂಡರು.

ಮಳೆಗಾಲ ಮುಗಿಯುವ ಹೊತ್ತಿಗೆ ಕೋಟೆ ಬೀದಿಯ ಕಾಟ್ಲಾ ಸತ್ತಿತು. ಮೀನು ಸತ್ತರೆ ಬೀದಿಯ ಓಟೂ ಸತ್ತಂತೆ. ಆವುಲಪ್ಪ ಬೆಳಕು ಹರಿಯುವ ಮೊದಲೇ ಅದನ್ನು ತಿಪ್ಪೆಯಲ್ಲಿ ಹೂತು, ಕೆರೆಯಿಂದ ಬೇರೊಂದು ಕಾಟ್ಲಾ ತಂದು ಬಿಟ್ಟ. ಕೊಟ್ಟವರು ಅಂದೇ ನೋಡಲು ಬಂದರು.

"ಇದ್ಯಾಕೋ ನಮ್ದು ಸಣ್ಣಗಾದಂಗದೆ?"

"ಬೊಜ್ಜು ಕರಗಿದೆ ಅಣ್ಣ," ಎಂದ ಆವುಲಪ್ಪ. "ದಿನಾ ಈಜು ಮಾಡಿಸ್ತಿದೀವಿ."

ಅವರು ಖುಷಿಯಾಗಿ ಹೋದರು. ಮೀನು ಬಾಲ ಆಡಿಸಲೂ ಜಾಗವಿಲ್ಲದೆ ನಿಂತಿತ್ತು.

ಅದಾದ ಸ್ವಲ್ಪ ದಿನಕ್ಕೆ ಬಯ್ಯಪ್ಪನವರು ಬಿದ್ದರು. ತೊಟ್ಟಿಯ ಮೇಲಿನ ಬಲ್ಬು ಬದಲಾಯಿಸಲು ಸ್ಟೂಲು ಹತ್ತಿದ್ದರು. ಬಾಳೆಮೀನು ಮೇಲಕ್ಕೆ ಚಿಮ್ಮಿ ಕೈಗೆ ಬಡಿಯಿತು. ನೆಲವೆಲ್ಲ ಎರಚಿದ ನೀರು. ಸ್ಟೂಲು ಒಂದು ಕಡೆ, ಅವರು ಒಂದು ಕಡೆ. ತೊಡೆಯ ಮೂಳೆ ಮುರಿಯಿತು. ಕಾರು ಮಾಡಿಕೊಂಡು, ಮೂಳೆ ಕಟ್ಟುವುದಕ್ಕೆ ಹೆಸರಾದ ಆಂಧ್ರದ ಪುತ್ತೂರಿಗೆ ಹೋಗಿ ಮೊಟ್ಟೆ, ಸೊಪ್ಪು ಹಚ್ಚಿ ಬಿದಿರಿನ ಕಟ್ಟು ಕಟ್ಟಿಸಿಕೊಂಡು ಬಂದರು. ಕಟ್ಟಿದವರು ಹೇಳಿದ್ದು ಒಂದೇ ಮಾತು: "ಕದಲಕೂಡದು." ಒಳಮನೆಯಲ್ಲಿ ಮಲಗಿಸಬೇಕೆಂದು ಓಬಳಮ್ಮ ಹೇಳಿದರೆ ಆವುಲಪ್ಪ ಒಪ್ಪಲಿಲ್ಲ. ನೋಡಲು ಬರುವವರಿಗೆ ಪಡಸಾಲೆಯೇ ಅನುಕೂಲವೆಂದು ತೊಟ್ಟಿಯ ಎದುರಿಗೇ ಮಂಚ ಹಾಕಿಸಿದ.

ಬರುವವರು ಬಂದರು. ಬ್ರೆಡ್ಡು, ಮೂಸಂಬಿ ತಂದರು. ಒಂದಿಷ್ಟು ಹೊತ್ತು ಮೀನು ನೋಡಿದರು, ಒಂದಿಷ್ಟು ಹೊತ್ತು ಬಯ್ಯಪ್ಪನವರನ್ನು ನೋಡಿದರು. ಗಾಜನ್ನು ತಟ್ಟಿದ ಬೆರಳಿನಿಂದಲೇ ಅವರ ಕಾಲನ್ನೂ ತಟ್ಟಿ, "ನೋವಿದೆಯಾ?" ಎಂದರು. ಹಸಿವಿಲ್ಲವೆಂದರೂ ಬಾಯಿಗೆ ಹಣ್ಣು ತುರುಕಿದರು. ಬೆನ್ನು ಉರಿಯುತ್ತಿತ್ತು, ಮಗ್ಗುಲಾಗುವ ಹಾಗಿಲ್ಲ. ಹೋಗಿ ಎನ್ನುವ ಹಾಗೂ ಇಲ್ಲ, ಎಲ್ಲರೂ ಓಟುದಾರರು.

ಮಧ್ಯಾಹ್ನ ಊಟದ ಹೊತ್ತಿಗೆ ಮನೆ ಖಾಲಿಯಾಗುತ್ತಿತ್ತು. ಆಗ ನೋಡಲು ಬೇರೇನೂ ಇಲ್ಲದೆ ಅವರು ಮೀನುಗಳನ್ನು ನೋಡಿದರು. ತೊಟ್ಟಿ ಬಂದು ವರ್ಷದ ಮೇಲಾಗಿತ್ತು, ಆದರೆ ಅವರು ಇಷ್ಟು ದಿನ ನೋಡಿದ್ದು ಮೀನು ನೋಡುವವರ ಮುಖವನ್ನು. ಈಗ ಕಂಡಿತು: ಕಾಟ್ಲಾದ ಮೂತಿ ಗಾಜಿಗೆ ಉಜ್ಜಿ ಉಜ್ಜಿ ಬೆಳ್ಳಗೆ ಸುಲಿದಿತ್ತು. ಚಿಂತಾಮಣಿ ರಸ್ತೆಯವರ ಮೀನಿನ ಬೆನ್ನು, ಉದ್ದಕ್ಕೆ ಮಲಗಲು ಜಾಗವಿಲ್ಲದೆ, ಬಿಲ್ಲಿನಂತೆ ಬಾಗಿತ್ತು. ಮೀಸೆಮೀನುಗಳಲ್ಲೊಂದಕ್ಕೆ ಒಂದು ಕಣ್ಣಿರಲಿಲ್ಲ. ಕೊರಮೀನು ಮಾತ್ರ ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ಕುಡಿದು, ಉಳಿದವುಗಳ ಮೈಮೇಲೆ ಜಾರಿ ಕೆಳಗಿಳಿಯುತ್ತಿತ್ತು. ಮಿಕ್ಕವು ಬಾಯಿ ತೆರೆದು ಮುಚ್ಚುತ್ತಿದ್ದವು. ಅವು ಮಾತಾಡುತ್ತವೆ ಎಂದು ಅವರು ಬಂದವರಿಗೆಲ್ಲ ಹೇಳಿ ನಗಿಸಿದ್ದರು. ಏದುಸಿರೆಂದು ಈಗ ಗೊತ್ತಾಯಿತು.

ಸಂಜೆ ಆವುಲಪ್ಪ ಬಂದಾಗ ಅವರು ಹೇಳಿದರು: "ಇವನ್ನೆಲ್ಲ ಎಲ್ಲಾದ್ರೂ ಬಿಟ್ಬಿಡಣ ಕಣಯ್ಯ."

ಆವುಲಪ್ಪ ಹೌಹಾರಿದ. "ಎಂತ ಮಾತು ಅಣ್ಣ! ಓಟಿಗೆ ಇನ್ನು ಮೂರು ವಾರ. ಮುಗಿದ್ ಮ್ಯಾಕೆ ಬಿಡಿ, ಮೆರವಣಿಗೇಲಿ ಕರ್ಕೊಂಡೋಗಿ ಬಿಡಣ. ಪೇಪರ್‌ನೋರನ್ನೂ ಕರೆಸ್ತೀನಿ."

ಬಯ್ಯಪ್ಪನವರು ಸುಮ್ಮನಾದರು. ತಿಳಿದೂ ಸುಮ್ಮನಾದರು, ಅಧ್ಯಕ್ಷಗಿರಿಯ ಆಸೆ ಮುರಿದ ಮೂಳೆಗಿಂತ ಗಟ್ಟಿಯಾಗಿತ್ತು. ಆ ವಾರದಲ್ಲೇ ಬಾಳೆಮೀನು ಸತ್ತಿತು. ಅದರ ಜಾಗಕ್ಕೆ ಬೇರೆಯದು ಬಂತು. ಹೊಸದಾಗಿ ಬಂದದ್ದು ಕೆರೆಯ ನೆನಪಿನಲ್ಲಿ ಉದ್ದಕ್ಕೆ ಈಜಲು ಹೊರಟು ಗಾಜಿಗೆ ತಲೆ ಕುಟ್ಟಿತು. ತಿರುಗಿ ಬಂದು ಮತ್ತೆ ಕುಟ್ಟಿತು. ಅಡಿಗೆಮನೆಯವರೆಗೆ ಕೇಳುವ ಸದ್ದು. ಓಬಳಮ್ಮ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು.

ನೀನು ಹೇಳಿದ್ದು ಸರಿ ಎಂದು ಹೆಂಡತಿಗೆ ಹೇಳಿ ಬಯ್ಯಪ್ಪನವರಿಗೆ ಅಭ್ಯಾಸವಿರಲಿಲ್ಲ. ಸೂರು ನೋಡುತ್ತ ಕೇಳಿದರು:

"ತೋಟದ ಬಾವೀಲಿ ನೀರೆಷ್ಟಿದೆ?"

"ಎರಡಾಳುದ್ದ ಇದೆ."

"ಹ್ಞೂಂ. ಶುಕ್ರವಾರ ಆವುಲಪ್ಪ ಚಿಕ್ಕಬಳ್ಳಾಪುರಕ್ಕೆ ಹೋಗ್ತಾನಂತೆ, ಪ್ರೆಸ್ಸಿಗೆ."

ಇಷ್ಟು ಹೇಳಿ ಅವರು ಮುಖವನ್ನು ಗೋಡೆಯ ಕಡೆ ಮಾಡಿದರು. ಓಬಳಮ್ಮ ಒಳಗೆ ಹೋಗಿ ಹಿತ್ತಲಿನ ದೊಡ್ಡ ಹಂಡೆ ತೊಳೆಯತೊಡಗಿದಳು.

ಶುಕ್ರವಾರ ಮಧ್ಯಾಹ್ನ ಚರಕಾ ನಿಲ್ಲುತ್ತಿತ್ತು; ಕೆಲಸದವರೆಲ್ಲ ನಮಾಜಿಗೆ ಹೋಗುತ್ತಿದ್ದರು. ಆ ಹೊತ್ತಿನಲ್ಲಿ ಓಬಳಮ್ಮ ಪಕ್ಕದ ಮನೆಯ ಬಿಸ್ಮಿಲ್ಲಾ ಬೀಯನ್ನು, ಎಂದರೆ ದಸ್ತಗಿರ್ ಸಾಬರ ಹೆಂಡತಿಯನ್ನು, ಕರೆದುಕೊಂಡು ಬಂದಳು. ಇಬ್ಬರೂ ಸೆರಗು ಕಟ್ಟಿ, ಗೋಣಿಚೀಲವನ್ನು ಒದ್ದೆ ಮಾಡಿ, ಒಂದೊಂದೇ ಮೀನನ್ನು ಎತ್ತಿ ಹಂಡೆಗೂ ಕೊಳಗಗಳಿಗೂ ತುಂಬಿದರು. ಬಾಗಿಲಲ್ಲಿ ಗಾಡಿ ಕಟ್ಟಿ ನಿಂತಿತ್ತು.

"ಯಾ ಅಲ್ಲಾ! ಓಬಳಮ್ಮಕ್ಕ, ಇದು ನನ್ ಬಳೇನೇ ನುಂಗ್ತದೆ!"

"ಕಿರುಚ್ಬೇಡ ಬೀ, ಮೆಲ್ಲಗೆ."

ಬಿಸ್ಮಿಲ್ಲಾ ಬೀ ಮಂಚದ ಕಡೆ ನೋಡಿದಳು. ಬಯ್ಯಪ್ಪನವರ ರೆಪ್ಪೆ ಅದುರುತ್ತಿತ್ತು. "ಅಕ್ಕ, ಅಣ್ಣ ಎದ್ದವ್ರೆ!"

"ಇಲ್ಲ, ಮಲಗವ್ರೆ," ಎಂದಳು ಓಬಳಮ್ಮ, ಸ್ವಲ್ಪ ಜೋರಾಗಿಯೇ. "ಅವರು ಎದ್ದಿದ್ದಾಗ ಮಾಡಿದ್ದು ಸಾಕು."

ಬಯ್ಯಪ್ಪನವರು ಗಾಡಿಯ ಸದ್ದು ಬೀದಿಯ ತಿರುವು ದಾಟುವವರೆಗೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು. ಅವರ ಸಾರ್ವಜನಿಕ ಜೀವನದಲ್ಲಿ ಅಲ್ಲಿಯವರೆಗೆ ಮಾಡಿದ ಒಳ್ಳೆಯ ಕೆಲಸ ಅದೊಂದೇ, ಅದನ್ನೂ ಮಲಗಿಕೊಂಡು ಮಾಡಿದರು.

ಸಂಜೆ ಆವುಲಪ್ಪ ಕರಪತ್ರದ ಕಟ್ಟು ಹೊತ್ತು ಬಂದ. ಕರಪತ್ರದ ಮೇಲೆ ಮೀನಿನ ಚಿತ್ರವಿತ್ತು, ತೊಟ್ಟಿಯಲ್ಲಿ ಮೀನಿರಲಿಲ್ಲ. ಅವನು ಅಲ್ಲೇ ಕುಸಿದು ಕೂತ.

"ಬಂದೋರಿಗೆ ಏನ್ ಹೇಳ್ಲಿ ಅಣ್ಣ?"

"ಹವಾ ಬದಲಾವಣೆಗೆ ಕಳ್ಸಿದೀವಿ ಅಂತ ಹೇಳು," ಎಂದರು ಬಯ್ಯಪ್ಪನವರು.

ಮರುದಿನ ಬೆಳಗಿನ ಹೊತ್ತಿಗೆ ವೆಂಕಟರಾಮಪ್ಪನ ಕಡೆಯವರು ಬೇರೆಯೇ ಸುದ್ದಿ ಹಬ್ಬಿಸಿದ್ದರು. ಮುರಿದ ಮೂಳೆ ಕೂಡಲು ಮೀನಿನ ಸಾರು ಒಳ್ಳೆಯದಂತೆ. ಬಯ್ಯಪ್ಪ ಊರವರ ಮೀನನ್ನೆಲ್ಲ ಒಂದೊಂದು ಬೀದಿಯಂತೆ ತಿಂದು ಮುಗಿಸಿದನಂತೆ. ಕೋಟೆ ಬೀದಿಯವರು ಮೊದಲು ಬಂದರು, ಹಿಂದೆ ಪೇಟೆಯವರು. "ನಮ್ ಮೀನು ತೋರ್ಸಿ" ಎಂದು ಪಡಸಾಲೆಯಲ್ಲಿ ಕೂತರು. ಬಾವಿಯಲ್ಲಿವೆ ಎಂದರೆ ಯಾರೂ ನಂಬಲಿಲ್ಲ. ಕೊನೆಗೆ ಬಯ್ಯಪ್ಪನವರನ್ನು ಮಂಚದ ಸಮೇತ ಗಾಡಿಗೇರಿಸಿ ತೋಟಕ್ಕೆ ಹೊರಟರು. ಹಿಂದೆ ಅರ್ಧ ಊರು.

ಬಾವಿಯ ಸುತ್ತ ಜನ ಬಗ್ಗಿ ನಿಂತರು. ಕೆಳಗೆ ಕಪ್ಪು ನೀರು, ಒಂದು ಗುಳ್ಳೆಯೂ ಇಲ್ಲ. ಬೆಂದ ಹುಳ ಎರಚಿದರು. ಚಪ್ಪಾಳೆ ತಟ್ಟಿದರು. ಒಬ್ಬರು ತಮ್ಮ ಮೀನನ್ನು ಹೆಸರು ಹಿಡಿದು ಕೂಗಿದರು. ವರ್ಷವಿಡೀ ಜನರ ಕಣ್ಣಿಗೆ ಬಿದ್ದ ಮೀನುಗಳು ತಳ ಸೇರಿ, ಯಾರಿಗೂ ಕಾಣದೆ ಇರುವ ಸುಖವನ್ನು ಬಿಟ್ಟು ಬರಲು ಒಪ್ಪಲಿಲ್ಲ. ಬಿಸಿಲು ಏರಿದ ಮೇಲೆ ಕೊರಮೀನು ಗಾಳಿಗಾಗಿ ಮೇಲೆ ಬಂದು ಒಂದು ಗುಟುಕು ಕುಡಿದು ಮುಳುಗಿತು.

"ನಮ್ದು!" ಎಂದರು ಕೋಟೆ ಬೀದಿಯವರು.

"ನಿಮ್ದು ಕಾಟ್ಲಾ ಅಲ್ವೇನ್ರಯ್ಯ? ಅದು ನಮ್ದು!" ಎಂದರು ಪೇಟೆಯವರು, ತಾವು ತಂದದ್ದು ಬಾಳೆಮೀನು ಎಂಬುದನ್ನು ಮರೆತು.

ಕೊರಮೀನು ತಂದಿದ್ದ ಚೆನ್ನರಾಯಪ್ಪ ಅಲ್ಲಿರಲಿಲ್ಲವಾಗಿ ನಿಜವಾದ ವಾರಸುದಾರರ ಪರ ಮಾತಾಡುವವರಿರಲಿಲ್ಲ. ಜಗಳ ಹತ್ತಿ ಇಬ್ಬರ ಪೇಟ ಬಾವಿಗೆ ಬಿತ್ತು. ಮಂಚದ ಮೇಲಿನಿಂದ ಬಯ್ಯಪ್ಪನವರು ಕೂಗಿದರು: "ಯಾರ್ದೂ ಅಲ್ಲ ಕಣ್ರಯ್ಯ! ಬಾವೀದು!" ಆ ಗಲಾಟೆಯಲ್ಲಿ ಅದನ್ನು ಕೇಳಿದವಳು ಓಬಳಮ್ಮ ಒಬ್ಬಳೇ.

ಚುನಾವಣೆಯಲ್ಲಿ ವೆಂಕಟರಾಮಪ್ಪ ಗೆದ್ದರು. ನಮ್ಮ ಮೀನನ್ನೇ ಕಣ್ಣ ಮುಂದೆ ಇಟ್ಟುಕೊಳ್ಳಲಾರದವನು ನಮ್ಮನ್ನೇನು ನೋಡಿಕೊಳ್ಳುತ್ತಾನೆ ಎಂಬುದು ಜನರ ತೀರ್ಪಾಗಿತ್ತು. ಆವುಲಪ್ಪ ಎಣಿಕೆ ಮುಗಿದ ಸಂಜೆಯೇ ವೆಂಕಟರಾಮಪ್ಪನವರ ಮನೆಗೆ ಹೂವಿನ ಹಾರ ತೆಗೆದುಕೊಂಡು ಹೋದ. ಬರೀ ಹಾರವಲ್ಲ, ಸಂಘದ ಆಫೀಸಿನಲ್ಲಿ ಬಯ್ಯಪ್ಪನದಕ್ಕಿಂತ ದೊಡ್ಡ ತೊಟ್ಟಿ ಇಡಬೇಕೆಂಬ ಸಲಹೆಯನ್ನೂ ಕೊಟ್ಟ.

ಆ ತೊಟ್ಟಿಯ ಉದ್ಘಾಟನೆಗೆ, ಅನುಭವಸ್ಥರೆಂದು, ಬಯ್ಯಪ್ಪನವರನ್ನೇ ಕರೆದರು. ಅವರು ಕೋಲೂರಿಕೊಂಡು ಹೋಗಿ ನಿಂತು ಹೇಳಿದರು: "ಇದರಲ್ಲಿ ಬಿಡೋದಾದ್ರೆ ಬೆರಳುದ್ದದವು ನಾಲ್ಕೈದು ಬಿಡಿ. ದೊಡ್ಡದು ತಂದೋರಿಗೆ ಕಾಫಿ ಕೊಟ್ಟು, ಮೀನು ಸಮೇತ ವಾಪಸ್ ಕಳ್ಸಿ. ಕೆರೇಲಿ ಹುಟ್ಟಿದ್ದಕ್ಕೆ ಇದು ಮನೆ ಅಲ್ಲ, ಲಾಕಪ್ಪು." ಜೋರಾಗಿ ಚಪ್ಪಾಳೆ ಬಿತ್ತು. ಮಾತಿನ ಗೌರವಾರ್ಥ ವೆಂಕಟರಾಮಪ್ಪನವರು ಅಲ್ಲೇ ಒಂದು ಕಾಟ್ಲಾ ಬಿಟ್ಟರು. ಅದರ ಬಾಲ ಈ ಗಾಜಿಗೆ ತಾಗಿದರೆ ಮೂತಿ ಆ ಗಾಜಿಗೆ.

ಬಯ್ಯಪ್ಪನವರು ಕಾಫಿ ಮುಟ್ಟದೆ ಹೊರಗೆ ಹೋದರು. ಮುಗಿಯಿತೆಂದುಕೊಂಡರು ಎಲ್ಲರೂ. ಅರ್ಧ ಗಂಟೆಗೆ ಅವರು ಜಟಕಾದಲ್ಲಿ ವಾಪಸ್ಸು ಬಂದರು. ಜೊತೆಯಲ್ಲಿ ದಸ್ತಗಿರ್ ಸಾಬರು, ಸಾಬರ ಕೈಯಲ್ಲಿ ದೊಡ್ಡ ಬಕೆಟ್ಟು.

"ಏನಯ್ಯಾ ಇದು?" ಎಂದರು ಅಧ್ಯಕ್ಷರು.

"ನಾನೂ ಸಂಘದ ಮೆಂಬರ್ರು. ನನ್ ಪಾಲಿನ ಮೀನು ತಗೊಂಡೋಗೋಕೆ ಬಂದೆ."

ಎದುರಿಗೆ ಜನ ತುಂಬಿದ್ದರಾಗಿ ವೆಂಕಟರಾಮಪ್ಪನವರಿಗೆ ಬೇಡವೆನ್ನಲಾಗಲಿಲ್ಲ. ಕಾಟ್ಲಾ ಬಾವಿಗೆ ಹೋಯಿತು. ಮುಂದಿನ ತಿಂಗಳು ಯಾರೋ ಬಾಳೆಮೀನು ತಂದರು. ಸುದ್ದಿ ಬಂದ ಕೂಡಲೇ ಜಟಕಾ, ಕೋಲು, ಬಕೆಟ್ಟು ಸಂಘದ ಬಾಗಿಲಿಗೆ ಬಂದವು. ಬಯ್ಯಪ್ಪನಿಗೆ ಬಿದ್ದಾಗ ತಲೆಗೂ ಪೆಟ್ಟಾಗಿರಬೇಕೆಂದು ಕೆಲವರು ಅಂದರು. ಮೀನು ಬಯ್ಯಪ್ಪ ಎಂದು ಹೆಸರಿಟ್ಟರು. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ವೆಂಕಟರಾಮಪ್ಪನವರಿಗೇ ಸಾಕಾಗಿ, ಒಂದು ಸಭೆಯಲ್ಲಿ, ಸಂಘದ ತೊಟ್ಟಿಗೆ ಗೇಣುದ್ದಕ್ಕೆ ಮೀರಿದ ಮೀನು ಬಿಡಕೂಡದೆಂದು ಠರಾವು ಮಾಡಿಸಿದರು.

ಒಬ್ಬರು ಎದ್ದು ಕೇಳಿದರು: "ಬಿಟ್ಟ ಮ್ಯಾಕೆ ಬೆಳೆದ್ರೆ?"

ಬಯ್ಯಪ್ಪನವರು ಕೂತಲ್ಲಿಂದಲೇ ಹೇಳಿದರು: "ಬೆಳೀತಾವೆ. ಬೆಳೆದ ದಿನ ನಂಗೆ ಹೇಳ್ಕಳ್ಸಿ."

ಹಾಗೆ ಹೇಳಿಕಳಿಸುವುದು ಊರಿಗೆ ಅಭ್ಯಾಸವಾಯಿತು. ಸಂಘದವರಷ್ಟೇ ಅಲ್ಲ, ಇವರನ್ನು ನೋಡಿ ತೊಟ್ಟಿ ಮಾಡಿಸಿದ್ದ ಪೆರೇಸಂದ್ರದ ಅಂಗಡಿಯವರು, ಚಿಂತಾಮಣಿಯ ಒಬ್ಬ ವಕೀಲರು ಕೂಡ ಹೇಳಿಕಳಿಸಿದರು. ಅರವತ್ತೈದರ ಬೇಸಿಗೆಯಲ್ಲಿ, ಮೊದಲ ಮಳೆ ಬಿದ್ದ ಒಂದು ಸಂಜೆ, ವಕೀಲರ ಮನೆಯ ಮೀನನ್ನು ತೊಡೆಯ ಮೇಲಿನ ಬಕೆಟ್ಟಿನಲ್ಲಿಟ್ಟುಕೊಂಡು ಬಯ್ಯಪ್ಪನವರು ಚಿಂತಾಮಣಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಕಂಡಕ್ಟರು ಬಕೆಟ್ಟಿಗೂ ಟಿಕೆಟ್ಟು ತೆಗೆದುಕೊಳ್ಳಿ ಎಂದ. ಅವರು ತೆಗೆದುಕೊಂಡು, ಪಕ್ಕದಲ್ಲಿ ಒತ್ತಿ ಕೂತಿದ್ದವನಿಗೆ, "ಸ್ವಲ್ಪ ಸರ್ಕಳಪ್ಪ, ಟಿಕೆಟ್ ತಗೊಂಡಿದೀವಿ," ಎಂದು ಹೇಳಿ ಬಕೆಟ್ಟಿಗೆ ಜಾಗ ಬಿಡಿಸಿದರು.